ಗೋಕರ್ಣವೋ, ತದಡಿಯೋ? ಹಿರೇಗುತ್ತಿಯ ನೆರೆಯಲ್ಲೊಂದು ವಿಚಾರ

ಬಯಲುಸೀಮೆಯ ನಮ್ಮ ಮನೆಗಳಲ್ಲಿ ದೀಪಾವಳಿ ಕಳೆದೊಡನೆ ಕಡಲು ನೋಡುವ ಮಾತು ಏಳುವುದು ಸಹಜ. ಧಾರವಾಡ, ಹಾವೇರಿ, ಗದಗಗಳ ಕಡೆಯವರು ಯಲ್ಲಾಪುರ ದಾಟಿ ಅರಬೈಲ ಘಟ್ಟವನ್ನಿಳಿದು ಅಂಕೋಲೆಗೆ ಬಂದು, ಅಲ್ಲಿಂದ ಕುಮಟೆಯತ್ತ ಸಾಗಿದರೆ ಮೊದಲು ಮಾದನಗೇರಿ, ಅದರಾಚೆ ಹಿರೇಗುತ್ತಿ. ಮಾದನಗೇರಿಯಲ್ಲಿ ಬಲಕ್ಕೆ ತಿರುಗಿದವರು ಗೋಕರ್ಣ ಸೇರುತ್ತಾರೆ. ಗೋಕರ್ಣದ ದಕ್ಷಿಣಕ್ಕೆ, ಅಘನಾಶಿನಿ ನದಿ ಕಡಲನ್ನು ಕೂಡುವ ಬಾಯಲ್ಲಿ ತದಡಿ ಬಂದರು. ಎದುರು ದಡದಲ್ಲಿ ನದಿಯ ಹೆಸರನ್ನೇ ಹೊತ್ತ ಅಘನಾಶಿನಿ ಗ್ರಾಮ. ಹಿರೇಗುತ್ತಿಯಾದರೋ ಈ ನದೀಮುಖದ ಒಳಗಿನ ಅಂಚಿನಲ್ಲಿರುವ ಊರು. ಬಹುಪಾಲು ಪ್ರವಾಸಿಗರು ಅದರ ಹೆಸರನ್ನು ಹೆದ್ದಾರಿಯ ಫಲಕದ ಮೇಲೆ ಓದುತ್ತಾರೆಯೇ ಹೊರತು ಇಳಿದು ನೋಡುವುದಿಲ್ಲ.

ನಮ್ಮ ಪರಿಚಯದ ಕುಟುಂಬವೊಂದು ಮೂರು ದಿನಗಳ ವಾಸಕ್ಕೆ ಈ ಎರಡರಲ್ಲಿ ಯಾವುದು ಯೋಗ್ಯವೆಂದು ಕೇಳಿತು. ಮನೆಯ ಹಿರಿಯ ತಾಯಿಗೆ ಎಪ್ಪತ್ತೆಂಟು ವರ್ಷ. ಜನ್ಮದಲ್ಲಿ ಸಮುದ್ರವನ್ನು ಕಂಡವರಲ್ಲ. ಮೊಣಕಾಲು ಸೋತಿವೆ, ಇನ್ನೊಮ್ಮೆ ಘಟ್ಟ ಇಳಿಯುವ ಭರವಸೆ ಅವರಿಗೇ ಇಲ್ಲ. ಮೊಮ್ಮಕ್ಕಳಿಗೆ ಓಂ ಬೀಚ್ ಬೇಕು. ಸೊಸೆಗೆ ಗದ್ದಲ ಬೇಡ. ಮಗನ ಚಿಂತೆಯೇ ಬೇರೆ: ಮೀನುಗಾರರ ಬಂದರಿನಲ್ಲಿ ನಮ್ಮಂಥವರಿಗೆ ಊಟ ದೊರೆತೀತೇ? ವಾಸನೆ ತಡೆದೀತೇ? ಇದು ನಗೆಯಾಡುವ ಪ್ರಶ್ನೆಯಲ್ಲ. ನಮ್ಮ ಬಹುತೇಕ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆಯೇ ಇದು.

ಗೋಕರ್ಣದ ಹಿರಿಮೆಯನ್ನು ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಕಾಳಿದಾಸನು ರಘುವಂಶದಲ್ಲಿ ದಕ್ಷಿಣ ಸಮುದ್ರದ ತಡಿಯ ಗೋಕರ್ಣದ ಈಶ್ವರನನ್ನು ನೆನೆದಿದ್ದಾನೆ. ರಾವಣ ತಂದ ಆತ್ಮಲಿಂಗದ ಕಥೆ ಹಳ್ಳಿಯ ಮಕ್ಕಳಿಗೂ ಗೊತ್ತು. ಮಹಾಬಲೇಶ್ವರನ ಗುಡಿ, ಕೋಟಿತೀರ್ಥ, ಶಿವರಾತ್ರಿಯ ರಥೋತ್ಸವ, ಇವು ಹಳೆಯ ಗೋಕರ್ಣ. ಗೌರೀಶ ಕಾಯ್ಕಿಣಿಯವರು ಬಾಳಿ ಬರೆದ ಗೋಕರ್ಣವೂ ಅದೇ. ಕುಡ್ಲೆ, ಓಂ, ಹಾಫ್‌ಮೂನ್, ಪ್ಯಾರಡೈಸ್ ಎಂಬ ಹೆಸರುಗಳ ಸುತ್ತ ಬೆಳೆದದ್ದು ಇನ್ನೊಂದು ಗೋಕರ್ಣ. ಮೊದಲು ವಿದೇಶೀಯರು, ಬಳಿಕ ಬೆಂಗಳೂರಿನ ತರುಣರು, 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿದ ಮೇಲೆ ಎಲ್ಲ ಕಡೆಯವರೂ ಬಂದರು. ವಾರಾಂತ್ಯದಲ್ಲಿ ವಾಹನ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ರಾತ್ರಿಯ ಸಂಗೀತ ತಡವಾಗಿ ನಿಲ್ಲುವ ವಸತಿಗಳಲ್ಲಿ, ನಸುಕಿನಲ್ಲೆದ್ದು ಸ್ನಾನ ಮಾಡಿ ಶಿವಪೂಜೆಗೆ ಕುಳಿತುಕೊಳ್ಳುವ ಹಿರಿಯರಿಗೆ ನಿದ್ದೆಯೂ ಇಲ್ಲ, ಏಕಾಂತವೂ ಇಲ್ಲ. ಆದರೂ ಶಾಕಾಹಾರದ ಊಟ, ವೈದ್ಯ, ಔಷಧದ ಅಂಗಡಿ ಎಲ್ಲವೂ ಕೈಗೆಟಕುವಂತಿರುವುದು ಗೋಕರ್ಣದಲ್ಲಿಯೇ. ಈ ಅನುಕೂಲ ಸಣ್ಣದಲ್ಲ.

ತದಡಿ ದುಡಿಯುವ ಬಂದರು. ದೋಣಿಗಳು ಬಂದಾಗ ಬುಟ್ಟಿ, ಮಂಜುಗಡ್ಡೆ, ಹರಾಜಿನ ಕೂಗು. ಉಳಿದ ಹೊತ್ತು ಬಲೆ ಹೆಣೆಯುವ ಮೌನ. ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಬಂದರೇ ಮಲಗಿದಂತಿರುತ್ತದೆ. ವಾಸನೆ ಇರುತ್ತದೆ, ಇಲ್ಲವೆನ್ನಲಾಗದು. ಆದರೆ ಹರಿಕಂತ್ರರು, ಖಾರ್ವಿಗಳು, ಅಂಬಿಗರು ಪೀಳಿಗೆಯಿಂದ ಪೀಳಿಗೆಗೆ ಮಾಡುತ್ತ ಬಂದ ಕಾಯಕದ ವಾಸನೆ ಅದು. ಅಂಬಿಗರ ಚೌಡಯ್ಯನವರ ಹೆಸರನ್ನು ಭಕ್ತಿಯಿಂದ ಹೇಳುವ ನಾವು ಹುಟ್ಟು ಹಾಕುವವನ ದೋಣಿಯ ಬಳಿ ಮೂಗು ಮುಚ್ಚಿಕೊಳ್ಳುವುದು ಶೋಭಿಸದು. ಊಟದ ವಿಷಯ ಹೇಳುವುದಾದರೆ, ಅಘನಾಶಿನಿಯ ಕಡೆಯಲ್ಲಾಗಲಿ ತದಡಿಯ ಸುತ್ತಿನಲ್ಲಾಗಲಿ ತಂಗುವ ಮುನ್ನ ಮನೆಯವರೊಡನೆ ಬಾಯಿಬಿಟ್ಟು ಮಾತಾಡಿಕೊಳ್ಳಬೇಕು. ಕುಚ್ಚಲಕ್ಕಿ ಅನ್ನ, ತಂಬುಳಿ, ಅಪ್ಪೆಹುಳಿಗಳ ಊಟ ಈ ಜಿಲ್ಲೆಯಲ್ಲಿ ದುರ್ಲಭವೇನಲ್ಲ. ರೊಟ್ಟಿಯನ್ನು ಮಾತ್ರ ಬುತ್ತಿ ಕಟ್ಟಿಕೊಂಡು ಹೋಗುವುದು ಒಳಿತು.

ನನ್ನ ಮನಸ್ಸನ್ನು ತದಡಿಯ ಕಡೆಗೆ ಎಳೆಯುವುದು ಅಲ್ಲಿಯ ಶಾಂತಿಗಿಂತ ಹೆಚ್ಚಾಗಿ ಆ ನೀರು. 'ಅಘ'ವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿ. ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲಿಯೂ ಅಣೆಕಟ್ಟಿಗೆ ಸಿಲುಕದೆ ಕಡಲಿಗೆ ಬರುವ ನದಿ ಇದು. ಮೇಲಿನ ಸಿಹಿನೀರೂ ಭರತದ ಉಪ್ಪುನೀರೂ ಕೂಡುವ ವಿಶಾಲವಾದ ಅಳಿವೆ ಹಿರೇಗುತ್ತಿ, ಮಿರ್ಜಾನಗಳವರೆಗೂ ಚಾಚಿಕೊಂಡಿದೆ. ಅದರ ಅಂಚಿನ ತಗ್ಗು ಭೂಮಿಗೆ ಗಜನಿ ಎಂದು ಹೆಸರು. ಕಟ್ಟೆ ಕಟ್ಟಿ, ತೂಬಿನ ಬಾಗಿಲು ಇರಿಸಿ, ಉಪ್ಪನ್ನು ತಡೆದುಕೊಳ್ಳುವ 'ಕಗ್ಗ'ವೆಂಬ ಭತ್ತವನ್ನು ಮಳೆಗಾಲದಲ್ಲಿ ಬೆಳೆಯುತ್ತಾರೆ. ಗೊಬ್ಬರ ಬೇಡ, ಔಷಧಿ ಬೇಡ. ಕೊಯ್ಲಾದ ಮೇಲೆ ಬಾಗಿಲು ತೆರೆದರೆ ಅದೇ ಗದ್ದೆಯೊಳಗೆ ನೀರು ನುಗ್ಗಿ, ಉಳಿದ ಕೂಳೆಯ ನಡುವೆ ಸಿಗಡಿ, ಮೀನು ಬೆಳೆಯುತ್ತವೆ. ಒಂದೇ ನೆಲಕ್ಕೆ ಎರಡು ಬದುಕು! ಈಗ ಸಿಗಡಿಯ ಲಾಭದ ಆಸೆಗೆ ಭತ್ತವನ್ನೇ ಕೈಬಿಟ್ಟ ಗಜನಿಗಳು ಬಹಳ. ಮಾಣಿಕಟ್ಟಾದಂಥ ಊರುಗಳಲ್ಲಿ ಮಾತ್ರ ರೈತರು ಕೂಡಿ ಕಗ್ಗವನ್ನು ಉಳಿಸಿಕೊಂಡಿದ್ದಾರೆ. ಇಳಿತದ ಹೊತ್ತಿನಲ್ಲಿ ಸೊಂಟದ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರಿಗೆ ಅಳಿವೆಯೇ ಹೊಲ. ಗೋಕರ್ಣದ ದಾರಿಯಲ್ಲಿ ಸಾಣಿಕಟ್ಟೆಯ ಉಪ್ಪಿನಾಗರಗಳೂ ಇದೇ ನೀರಿನ ಕೊಡುಗೆ.

ಮಿರ್ಜಾನದ ಕೋಟೆಯನ್ನು ನೋಡದೆ ಬರಬಾರದು. ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಡನೆ ಆ ಕೋಟೆ ಸೇರಿಕೊಂಡಿದೆ. ಅವಳ ಬಳಿಕ ಈ ಸೀಮೆ ಕೆಳದಿಯ ಅರಸರ ಕೈಗೆ ಬಂದಿತು. ಆ ಇತಿಹಾಸವನ್ನು ಇನ್ನೊಮ್ಮೆ ವಿಸ್ತಾರವಾಗಿ ಬರೆಯಬಹುದು.

ಈ ಶಾಂತಿ ತಾನಾಗಿ ಉಳಿದದ್ದಲ್ಲ. ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಈ ಶತಮಾನದ ಮೊದಲ ದಶಕದಲ್ಲಿ ಬಂದಾಗ ಮೀನುಗಾರರೂ ರೈತರೂ ಎದ್ದುನಿಂತರು, ಯೋಜನೆ ಹಿಂದೆ ಸರಿಯಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿದೆ. ಸುಮಾರು 4800 ಹೆಕ್ಟೇರು. ಇತ್ತೀಚಿನ ವರ್ಷಗಳಲ್ಲಿ ಇದೇ ನದಿಯ ನೀರನ್ನು ಪೂರ್ವಕ್ಕೆ ವೇದಾವತಿಯೆಡೆಗೆ ಒಯ್ಯುವ ಯೋಜನೆಯ ಮಾತು ಎದ್ದಿದೆ. ಬಾಯಾರಿದ ಬಯಲುಸೀಮೆಯವರಾದ ನಮಗೆ ಆ ಮಾತು ಇಂಪೆನಿಸುವುದು ಸ್ವಾಭಾವಿಕ. ನಮ್ಮ ಕೆರೆಗಳ ಹೂಳನ್ನು ನಾವೇ ಬಲ್ಲೆವು. ಆದರೆ ಸಿಹಿನೀರು ಇಳಿದು ಬರದಿದ್ದರೆ ಆ ಬಳಚು, ಆ ಕಗ್ಗ ಏನಾಗಬೇಕೆಂಬುದನ್ನು ತದಡಿಯ ಕಟ್ಟೆಯ ಮೇಲೆ ನಿಂತು ನೋಡಿದವರು ಒಂದಿಷ್ಟು ಬೇರೆಯಾಗಿ ಯೋಚಿಸಿಯಾರು. ಓಂ ಬೀಚಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.

ಆ ಕುಟುಂಬಕ್ಕೆ ನಾನು ಹೇಳಿದ್ದು ಇಷ್ಟೆ: ತಾಯಿಯವರನ್ನು ಅಘನಾಶಿನಿಯ ದಡದ ಮನೆಯಲ್ಲಿ ಇರಿಸಿರಿ. ವಾರದ ನಡುವಿನ ದಿನ, ಬೆಳಗ್ಗೆ ಬೇಗ ಗೋಕರ್ಣಕ್ಕೆ ಹೋಗಿ ದರ್ಶನ ಮುಗಿಸಿರಿ. ಮಕ್ಕಳನ್ನು ಅಪರಾಹ್ನ ಓಂ ಬೀಚಿಗೆ ಒಯ್ಯಿರಿ, ಜೀವರಕ್ಷಕರು ಇರುವಲ್ಲಿ ಮಾತ್ರ ನೀರಿಗಿಳಿಸಿರಿ. ಅಲ್ಲಿ ಪ್ರವಾಸಿಗರು ನೀರುಪಾಲಾದ ಸುದ್ದಿ ಮತ್ತೆ ಮತ್ತೆ ಓದುತ್ತಲೇ ಇರುತ್ತೇವೆ. ಅಳಿವೆಯ ಬಾಯಲ್ಲಂತೂ ಈಜುವ ಮಾತೇ ಬೇಡ, ಇಳಿತದ ಸೆಳೆತ ಬಲವಾದದ್ದು. ತೀರ ಅಶಕ್ತರಾದವರಿಗೆ, ಆಗಾಗ ವೈದ್ಯರ ಅಗತ್ಯವಿರುವವರಿಗೆ, ಗದ್ದಲವಿದ್ದರೂ ಗೋಕರ್ಣ ಪೇಟೆಯ ಒಳಗಿನ ವಸತಿಯೇ ಲೇಸು ಎಂದೂ ಹೇಳಿದೆ.

ಮಳೆಗಾಲದಲ್ಲಿ ಹೋಗುವುದನ್ನು ನಾನು ಒಪ್ಪೆ. 2024ರ ಜುಲೈ 16ರಂದು ಅಂಕೋಲೆಯಾಚೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಪ್ರಾಣ ಕಳೆದುಕೊಂಡದ್ದು ಇದೇ ದಾರಿಯಲ್ಲಿ. ನವೆಂಬರಿನಿಂದ ಫೆಬ್ರುವರಿಯ ವರೆಗಿನ ಕಾಲ ಉತ್ತಮ.

ತದಡಿಗೂ ಅಘನಾಶಿನಿಗೂ ನಡುವೆ ದೋಣಿಯ ದಾಟು ಉಂಟು. ನೀರ ಮೇಲೆ ಕೆಲವೇ ನಿಮಿಷಗಳ ಹಾದಿ. ರಸ್ತೆಯಿಂದಾದರೆ ಮಾದನಗೇರಿ, ಹಿರೇಗುತ್ತಿ, ಮಿರ್ಜಾನ, ಕುಮಟೆಗಳನ್ನು ಸುತ್ತಿ ಬರಬೇಕು. ಸಂಜೆಯ ಕೊನೆಯ ದೋಣಿ ಎಷ್ಟು ಹೊತ್ತಿಗೆಂಬುದನ್ನು ದಾಟುವ ಮೊದಲೇ ಕೇಳಿಕೊಂಡಿರಬೇಕು.