ಹೆಜ್ಜಾರ್ಲೆಯ ಬೆನ್ನು ಹಿಡಿದು

ತೊಂಬತ್ತರ ದಶಕದಲ್ಲಿ ನಾನು ಪರಿಸರ ವಿಜ್ಞಾನ ಓದಿ ಮದ್ದೂರಿನ ಕಡೆ ಕೆಲಸಕ್ಕೆ ಬಂದಾಗ ಕಾಡಿನವರೇ ಬೇರೆ, ನೀರಿನವರೇ ಬೇರೆ. ಮರ, ಪ್ರಾಣಿ ನೋಡುವವರು ಮಳವಳ್ಳಿ ದಾಟಿ ಮುತ್ತತ್ತಿ ಕಾಡಿಗೆ ಹೋಗುತ್ತಿದ್ದರು. ನೀರಿನವರ ಲೆಕ್ಕ ಕೆಆರ್‌ಎಸ್‌ನ ಗರಿಷ್ಠ ನೀರಿನ ಮಟ್ಟವಾದ 124.80 ಅಡಿ ಮತ್ತು ವಿಶ್ವೇಶ್ವರಯ್ಯ ನಾಲೆಯ ಕ್ಯೂಸೆಕ್‌. ನಾಲೆಯ ಕೊನೆಭಾಗದಲ್ಲಿ ನೀರು ಬಂತೇ ಎಂದು ಕೇಳುವವರಿದ್ದರು, ಬಂದ ನೀರು ಹೇಗಿದೆ ಎಂದು ಕೇಳುವವರಿರಲಿಲ್ಲ.

ನನಗೆ ಎರಡನ್ನೂ ಕೂಡಿಸಿ ತೋರಿಸಿದ್ದು ಶಿಂಷಾ ತೀರದ ಕೊಕ್ಕರೆ ಬೆಳ್ಳೂರು. ಅಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಮನೆ ಹಿಂದಿನ ಹುಣಸೆ, ಅರಳಿ, ಬಸರಿ ಮರಗಳಲ್ಲಿ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಇದನ್ನು ಹೊರಜಗತ್ತಿಗೆ ತಿಳಿಸಿದ್ದರು. ಗೂಡಿನಿಂದ ಬಿದ್ದ ಮರಿಗಳನ್ನು ಊರಿನದೇ ಹೆಜ್ಜಾರ್ಲೆ ಬಳಗದ ಹುಡುಗರು ಬೇಲಿಯೊಳಗಿಟ್ಟು ಮೀನು ತಿನ್ನಿಸಿ ಸಾಕುತ್ತಿದ್ದರು. ನಾನು ಗೂಡು ಎಣಿಸುತ್ತಿದ್ದೆ. ಒಂದು ದಿನ ಹುಣಸೆ ಮರದ ಮನೆಯ ಅಜ್ಜಿ, “ಕೆರೇಲೇ ಮೀನಿಲ್ಲ ಕಣಪ್ಪ, ಅದೇನು ತಂದಾತು ಮರೀಗೆ?” ಎಂದರು. ಅಲ್ಲಿಂದ ನನ್ನ ಕೆಲಸ ಮರದಿಂದ ಕೆರೆಗೆ ಇಳಿಯಿತು.

ಹಕ್ಕಿ ಮೇಯುವ ತೈಲೂರು ಕೆರೆ, ಸೂಳೆಕೆರೆಗಳ ಏರಿ ಮೇಲೆ ಕೂತು ಮಾಡುತ್ತಿದ್ದ ಪರೀಕ್ಷೆ ಸರಳ. ಗಾಳಿಗುಳ್ಳೆ ಸೇರದಂತೆ ಬಾಟಲಿಗೆ ನೀರು ತುಂಬಿ ಮ್ಯಾಂಗನೀಸ್ ಸಲ್ಫೇಟ್ ಬಿಟ್ಟು, ಮೇಲೆ ಕ್ಷಾರ ಬೆರೆತ ಅಯೊಡೈಡ್ ದ್ರಾವಣ ಹಾಕಬೇಕು. ನೀರಿನಲ್ಲಿ ಆಮ್ಲಜನಕವಿದ್ದರೆ ಕಂದು ಗಸಿ ಇಳಿಯುತ್ತದೆ, ಇಲ್ಲದಿದ್ದರೆ ಬಿಳಿ. ಚರಂಡಿ ಸೇರುವ ಒಂದು ಕೆರೆಯಲ್ಲಿ ಬೇಸಿಗೆಯ ಬೆಳಗಿನ ಜಾವ ಇಳಿದ ಬಿಳಿ ಗಸಿಯನ್ನು ಊರವರಿಗೆ ತೋರಿಸಿದೆ. ಮೀನು ಏಕಿಲ್ಲ ಎಂದು ವರದಿಯ ಪುಟಗಳು ಹೇಳದ್ದನ್ನು ಆ ಬಾಟಲಿ ಹೇಳಿತು.

2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಯಿತು. ಮರಗಳಿಗೆ ಕಾವಲು ಸಿಕ್ಕಿತು, ಕೆರೆಗಳಿಗೆ ಸಿಗಲಿಲ್ಲ. 2017ರ ಕೊನೆಯಿಂದ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತು ಬಿದ್ದವು. ಹೊಟ್ಟೆಯಲ್ಲಿ ಕಂಡದ್ದು ಮೀನಿನ ಮೂಲಕ ಹಕ್ಕಿಗೆ ಸೇರುವ ಜಂತುಹುಳು. ಪಶುವೈದ್ಯರು, ಅರಣ್ಯದವರು, ನೀರು ನೋಡುವ ನಾವು ಒಂದೇ ಮೇಜಿನ ಸುತ್ತ ಕೂರಲೇಬೇಕಾಯಿತು. ಅಂಥ ಮೇಜು ಬೇಕಾಗದವರೂ ಇದ್ದರು. ಮಳವಳ್ಳಿಯ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಬೆಟ್ಟದಲ್ಲಿ ಪ್ರಾಣಿಪಕ್ಷಿಗಳಿಗೆಂದು ಕಟ್ಟೆ ತೋಡಿದವರು. ಅವರಿಗೆ ಕಾಡು, ನೀರು ಎಂದೂ ಬೇರೆಯಾಗಿರಲಿಲ್ಲ.

ಈಗ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಎರಡೂ ಗೊತ್ತು, ಉಪಗ್ರಹ ಚಿತ್ರ ಓದುವುದೂ ಗೊತ್ತು. ಇಲ್ಲದಿರುವುದು ಕಾಯಂ ಹುದ್ದೆ. ಎರಡು ಮೂರು ವರ್ಷದ ಯೋಜನೆ ಮುಗಿದೊಡನೆ ಅವರು ಬೆಂಗಳೂರಿನ ಕಂಪನಿ ಸೇರುತ್ತಾರೆ, ಕೆರೆಯ ದಾಖಲೆ ಅಲ್ಲಿಗೇ ನಿಲ್ಲುತ್ತದೆ. ತಾಲ್ಲೂಕಿಗೊಬ್ಬರಾದರೂ ಇಂಥವರು ಇರಲಿ ಎಂದು ಸಿಕ್ಕ ಅಧಿಕಾರಿಗಳನ್ನೆಲ್ಲ ಕೇಳುತ್ತಲೇ ಇದ್ದೇನೆ.