ಬರಿಗಾಲಿನಲ್ಲಿ ಗೆದ್ದವರ ಊರು

ಕಲ್ಕತ್ತೆಗೆ ಹೋಗಿ ಬಂದವರನ್ನು ಕೇಳಿ ನೋಡಿ. ಕಾಳಿಘಾಟ್, ದಕ್ಷಿಣೇಶ್ವರ, ಹೊಳೆಯಾಚೆಯ ಬೇಲೂರು ಮಠ, ವಿಕ್ಟೋರಿಯಾ ಸ್ಮಾರಕ, ಹೌರಾ ಸೇತುವೆ ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸ್ತಾರೆ. ಕೈಯಲ್ಲಿ ಎರಡು ನೂಲಿನ ಸೀರೆ, ಒಂದು ಡಬ್ಬ ರಸಗುಲ್ಲ. ನಾವೂ ಎಲ್ಲ ನೋಡಿದೆವು, ಎಲ್ಲ ಕೊಂಡೆವು. ಅದನ್ನೇ ಮತ್ತೆ ಬರೆದು ನಿಮ್ಮ ಹೊತ್ತು ಕಳೆಯುವುದಿಲ್ಲ. ಯಾತ್ರೆಯವರ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರದ ಒಂದು ಜಾಗಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದು ನನಗೆ ಆಸೆ. ಅದೊಂದು ಫುಟ್‌ಬಾಲ್ ಮೈದಾನ!

“ಅಯ್ಯೋ, ಫುಟ್‌ಬಾಲು ನಮಗೇಕೆ?” ಎಂದು ಪುಟ ತಿರುಗಿಸಬೇಡಿ. ಆ ಆಟದ ನಿಯಮ ಗಿಯಮ ನನಗೂ ಗೊತ್ತಿಲ್ಲ. ನಾವು ಇಳಿದುಕೊಂಡಿದ್ದು ನಾದಿನಿಯ ಮಗಳ ಮನೆಯಲ್ಲಿ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಬಂಗಾಳಿ ಹೆಂಗಸೊಬ್ಬರಿದ್ದಾರೆ. ಓಣಿಯವರೆಲ್ಲ ಅವರನ್ನು ‘ಮಾಶಿಮಾ’ ಅಂತ ಕರೀತಾರೆ. ನಮ್ಮಲ್ಲಿ ಚಿಕ್ಕಮ್ಮ ಅಂದ ಹಾಗೆ. ನಾವು ಸಹಸ್ರನಾಮ ಹೇಳುವಂತೆ ಆಕೆ ಹನ್ನೊಂದು ಆಟಗಾರರ ಹೆಸರನ್ನು ಗಟಗಟನೆ ಹೇಳಿಬಿಟ್ಟರು. ಅವರು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಆಡಿ ಹೋದವರ ಹೆಸರುಗಳು! ಆಗಲೇ ನನಗೆ ಕುತೂಹಲ ಹುಟ್ಟಿದ್ದು.

ಉತ್ತರ ಕಲ್ಕತ್ತೆಯಲ್ಲಿ ಶ್ಯಾಮ್‌ಬಜಾರ್ ಎಂಬ ಹಳೆಯ ಬಡಾವಣೆ. ಮೆಟ್ರೋ ರೈಲು ಅಲ್ಲಿಗೆ ಹೋಗುತ್ತದೆ. ಇಕ್ಕಟ್ಟಾದ ಬೀದಿಗಳು, ಹಸಿರು ಬಣ್ಣದ ಮರದ ಕಿಟಕಿಗಳು, ಕಟ್ಟೆಯ ಮೇಲೆ ಕೂತು ಹರಟುವ ಗಂಡಸರು. ಹತ್ತಿರದ ಫರಿಯಾಪುಕುರ್‌ನಲ್ಲಿ ಹಿಂದೆ ‘ಮೋಹನ್ ಬಾಗಾನ್’ ಎಂಬ ದೊಡ್ಡ ಬಂಗಲೆಯಿತ್ತಂತೆ. ಬಾಗಾನ್ ಎಂದರೆ ತೋಟ. ೧೮೮೯ರ ಆಗಸ್ಟ್ ೧೫ರಂದು ಅಲ್ಲಿ ಒಂದು ಆಟದ ಸಂಘ ಹುಟ್ಟಿತು, ಬಂಗಲೆಯ ಹೆಸರೇ ಅದಕ್ಕೂ ಬಂತು. ಈಗ ಆ ಹೆಸರಿನ ಓಣಿ ಇದೆ. ನಾಯಕನಾಗಿದ್ದ ಶಿಬದಾಸ್ ಭಾದುರಿಯ ಹೆಸರಿನಲ್ಲೂ ಒಂದು ಬೀದಿ ಇದೆ. ರಾಜರ ಹೆಸರಿನ ಬೀದಿ ನೋಡಿದ್ದೇವೆ, ಮಂತ್ರಿಗಳ ಹೆಸರಿನದೂ ನೋಡಿದ್ದೇವೆ. ಚೆಂಡು ಒದ್ದವರ ಹೆಸರಿನ ಬೀದಿಯನ್ನು ನಾನಂತೂ ಮೊದಲ ಸಲ ನೋಡಿದ್ದು.

ಇನ್ನು ಕತೆ ಕೇಳಿ. ಆಗ ಬ್ರಿಟಿಷರ ಆಳ್ವಿಕೆ, ಕಲ್ಕತ್ತೆಯೇ ದೇಶದ ರಾಜಧಾನಿ. ೧೯೦೫ರಲ್ಲಿ ಬಂಗಾಳವನ್ನು ಎರಡು ಹೋಳು ಮಾಡಿದ್ದರಿಂದ ಜನರ ಮನಸ್ಸು ಕುದಿಯುತ್ತಿತ್ತು. ಐ.ಎಫ್.ಎ. ಶೀಲ್ಡ್ ಎಂಬ ದೊಡ್ಡ ಪಂದ್ಯಾವಳಿ ೧೮೯೩ರಲ್ಲೇ ಶುರುವಾಗಿತ್ತು. ಆದರೆ ಭಾರತೀಯರ ತಂಡವೊಂದು ಅದನ್ನು ಗೆದ್ದದ್ದೇ ಇಲ್ಲ. ಗೆಲ್ಲುವುದು ಹೇಗೆ ಹೇಳಿ? ಎದುರಿಗೆ ನಿಲ್ಲುವವರು ಗೋರಾ ಸಿಪಾಯಿಗಳು, ಕಾಲಿಗೆ ಗಟ್ಟಿ ಬೂಟು. ನಮ್ಮವರಿಗೆ ಬರಿಗಾಲು. ಆಟಕ್ಕೆ ಸಂಬಳವೂ ಇಲ್ಲ. ಮೋಹನ್ ಬಾಗಾನ್‌ನ ಹನ್ನೊಂದು ಜನರಲ್ಲಿ ಬೂಟು ಹಾಕಿ ಆಡುತ್ತಿದ್ದವರು ಒಬ್ಬರೇ, ಸುಧೀರ್ ಚಟರ್ಜಿ. ಆತ ಕ್ರೈಸ್ತರು, ಕಾಲೇಜಿನಲ್ಲಿ ಪಾಠ ಹೇಳುವ ಮೇಷ್ಟ್ರು.

೧೯೧೧ರ ಜುಲೈ. ಕಲ್ಕತ್ತೆಯಲ್ಲಿ ಅದು ಮಳೆಗಾಲ. ನೆಲ ಒದ್ದೆಯಾದರೆ ಬರಿಗಾಲು ಜಾರುತ್ತದೆ, ಬಚ್ಚಲಲ್ಲಿ ಜಾರಿದವರಿಗೆ ನಾನು ಹೇಳಬೇಕಾಗಿಲ್ಲ! ಮೊದಲು ಸೇಂಟ್ ಝೇವಿಯರ್ಸ್ ಕಾಲೇಜಿನ ಮೇಲೆ ೩–೦ ಗೆಲುವು. ಆಮೇಲೆ ರೇಂಜರ್ಸ್ ತಂಡದ ಮೇಲೆ ೨–೧. ರೈಫಲ್ ಬ್ರಿಗೇಡ್ ಎಂಬ ಸೇನಾ ತಂಡದ ಮೇಲೆ ೧–೦. ಇಷ್ಟಾಗುವ ಹೊತ್ತಿಗೆ ಊರೆಲ್ಲ ಕಿವಿ ನಿಮಿರಿಸಿತ್ತು. ಮುಂದಿನದು ಮಿಡಲ್‌ಸೆಕ್ಸ್ ರೆಜಿಮೆಂಟು. ೧–೧ ಸಮನಾಗಿ ಮತ್ತೊಮ್ಮೆ ಆಡಬೇಕಾಯಿತು, ಎರಡನೆಯ ಸಲ ೩–೦ ಗೆದ್ದರು.

ಕೊನೆಯ ಪಂದ್ಯ ಜುಲೈ ೨೯, ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಮೇಲೆ. ಹಳ್ಳಿಪಳ್ಳಿಗಳಿಂದ ವಿಶೇಷ ರೈಲು, ಉಗಿದೋಣಿಗಳಲ್ಲಿ ಜನ ಬಂದರು. ೬೦ ಸಾವಿರ ಅಂತ ಕೆಲವರ ಲೆಕ್ಕ, ಲಕ್ಷ ಅಂತ ಕೆಲವರದು. ಅಷ್ಟು ಜನರಿಗೆ ಆಟ ಕಾಣುವುದು ಹೇಗೆ? ಅದಕ್ಕೊಂದು ಉಪಾಯ ಮಾಡಿದರು. ಯಾರು ಎಷ್ಟು ಗೋಲು ಹೊಡೆದರು ಅಂತ ಗಾಳಿಪಟ ಹಾರಿಸಿ ತಿಳಿಸುತ್ತಿದ್ದರು. ದೂರದಲ್ಲಿ ನಿಂತವರು ಆಕಾಶ ನೋಡಿಯೇ ಆಟ ತಿಳಿದುಕೊಂಡರು. ಈ ಮಾತು ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದು ಆ ಹಳೆಯ ಮನೆಗಳ ತಾರಸಿಗಳು. ಮೈದಾನಕ್ಕೆ ಹೋಗಲಾಗದ ಅಮ್ಮಂದಿರು, ಅಕ್ಕಂದಿರು, ಸೊಸೆಯಂದಿರು ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಮೇಲೆ ಹತ್ತಿ ಆ ಪಟಗಳನ್ನು ಹುಡುಕಿರಬೇಕು, ಅಲ್ಲವೇ?

ಮೊದಲು ಗೋಲು ಹೊಡೆದವರು ಗೋರಾಗಳೇ. ಜನರ ಎದೆ ಕುಸಿಯಿತು. ಸ್ವಲ್ಪ ಹೊತ್ತಿಗೆ ಶಿಬದಾಸ್ ಒಂದು ಹೊಡೆದು ಸಮ ಮಾಡಿದರು. ಆಟ ಮುಗಿಯಲು ಇನ್ನು ಕೆಲವೇ ನಿಮಿಷ ಉಳಿದಿದ್ದಾಗ ಅಭಿಲಾಷ್ ಘೋಷ್ ಎರಡನೆಯದನ್ನು ಹೊಡೆದರು. ೨–೧! ಬರಿಗಾಲಿನವರು ಶೀಲ್ಡ್ ಗೆದ್ದಿದ್ದರು. ಹಿಂದೂ, ಮುಸಲ್ಮಾನ, ಕ್ರೈಸ್ತ ಎನ್ನದೆ ಊರು ಕುಣಿಯಿತು.

ಅಂದು ಮೆರವಣಿಗೆಯಲ್ಲಿ ಯಾರೋ ಒಬ್ಬರು ಫೋರ್ಟ್ ವಿಲಿಯಂ ಕೋಟೆಯ ಮೇಲಿನ ಬ್ರಿಟಿಷ್ ಬಾವುಟ ತೋರಿಸಿ, “ಇದನ್ನು ಗೆದ್ದಿರಿ, ಅದು ಇಳಿಯುವುದು ಯಾವಾಗ?” ಎಂದರಂತೆ. “ನಾವು ಮತ್ತೆ ಶೀಲ್ಡ್ ಗೆದ್ದಾಗ” ಎಂದು ಉತ್ತರ ಬಂತಂತೆ. ಇದು ಬಾಯಿಂದ ಬಾಯಿಗೆ ಬಂದ ಕತೆ. ಆದರೆ ಲೆಕ್ಕ ನೋಡಿ: ಮೋಹನ್ ಬಾಗಾನ್ ಎರಡನೆಯ ಸಲ ಆ ಶೀಲ್ಡ್ ಗೆದ್ದದ್ದು ೧೯೪೭ರಲ್ಲಿ! ಮಾಶಿಮಾ ಇದನ್ನು ಹೇಳುವಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೂ ಮೈ ಜುಮ್ಮೆಂದಿತು.

ಮೈದಾನ್ ಎಂದೇ ಕರೆಯುವ ಆ ವಿಶಾಲ ಬಯಲನ್ನು ನೋಡಬೇಕಾದರೆ ಎಸ್ಪ್ಲನೇಡ್‌ನಲ್ಲಿ ಇಳಿಯಿರಿ. ಅದು ಸೇನೆಗೆ ಸೇರಿದ ನೆಲ. ಅಲ್ಲಿನ ಆಟದ ಸಂಘಗಳ ಕಚೇರಿಗಳಿಗೆ ಇವತ್ತಿಗೂ ‘ಟೆಂಟ್’ ಅಂತಲೇ ಹೆಸರು. ಈಡನ್ ಗಾರ್ಡನ್ಸ್ ಹತ್ತಿರ ಮೋಹನ್ ಬಾಗಾನ್ ಅಂಗಳ. ಬಣ್ಣ ಹಸಿರು ಮತ್ತು ಮರೂನು, ನಮ್ಮ ಹಬ್ಬದ ರೇಷ್ಮೆ ಸೀರೆಯ ಮೈ ಮತ್ತು ಅಂಚಿನ ಹಾಗೆ. ಪ್ರತಿವರ್ಷ ಜುಲೈ ೨೯ ಅವರಿಗೆ ಹಬ್ಬ. ಮೋಹನ್ ಬಾಗಾನ್ ಗೆದ್ದ ದಿನ ಮನೆಮನೆಯಲ್ಲಿ ಸಿಗಡಿಯ ಅಡುಗೆ. ಅವರ ಎದುರಾಳಿ ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನು. ಸಿಗಡಿಯನ್ನು ತೆಂಗಿನಹಾಲಿನಲ್ಲಿ ಬೇಯಿಸುತ್ತಾರಂತೆ. ನಾವು ಸಸ್ಯಾಹಾರಿಗಳು, ರುಚಿ ನೋಡಲಿಲ್ಲ. ಆದರೆ ತಿಪಟೂರಿನವಳಾದ ನನಗೆ ಅಷ್ಟು ದೂರದಲ್ಲೂ ತೆಂಗಿನಕಾಯಿಗೆ ಮರ್ಯಾದೆ ಇದೆಯೆಂದು ಸಂತೋಷವಾಯಿತು. ಕರಾವಳಿಯ ಸೋದರಿಯರು ಮಾಡಿ ನೋಡಬಹುದು. ನಾವು ಮಣ್ಣಿನ ಕುಡಿಕೆಯ ಸಿಹಿಮೊಸರು ತಿಂದು ತೃಪ್ತರಾದೆವು.

“ಇದೆಲ್ಲ ಬಂಗಾಳದವರ ಹೆಮ್ಮೆ, ನಮಗೇನು?” ಎನ್ನಬೇಡಿ. ೧೯೩೭ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದದ್ದು ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ. ೧೯೪೮ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ತಂಡದ ಬಹುಪಾಲು ಆಟಗಾರರು ಬರಿಗಾಲಿನಲ್ಲೇ ಆಡಿದರು. ಫ್ರಾನ್ಸಿನ ಮೇಲೆ ಅಂದು ನಮ್ಮ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್.

ನನ್ನ ಚಿಕ್ಕ ಮಗಳು ಖೋ–ಖೋ ಆಡುತ್ತಾಳೆ. ತಾಲ್ಲೂಕಿನ ತಂಡಕ್ಕೆ ಆರಿಸಿದ್ದಾರೆ. “ಆಟದಿಂದ ಅನ್ನ ಹುಟ್ಟುತ್ತಾ? ವಯಸ್ಸಿಗೆ ಬಂದ ಹುಡುಗಿ ಬಿಸಿಲಲ್ಲಿ ಓಡುವುದೇನು ಚೆಂದ?” ಎಂದು ನಂಟರಿಷ್ಟರು ಕೇಳುತ್ತಲೇ ಇರುತ್ತಾರೆ. ನಿಮ್ಮ ಮನೆಯಲ್ಲೂ ಈ ಮಾತು ಬಂದಿರಬಹುದು. ಆ ಹನ್ನೊಂದು ಜನಕ್ಕೂ ಆಟದಿಂದ ಅನ್ನ ಹುಟ್ಟಲಿಲ್ಲ. ಆದರೆ “ಇವರನ್ನು ಸೋಲಿಸಲು ನಮ್ಮ ಕೈಲಾಗದು” ಎಂದುಕೊಂಡಿದ್ದ ಒಂದು ಊರಿಗೆ ಊರೇ ಆ ಸಂಜೆ ಬೇರೆ ರೀತಿ ಯೋಚಿಸಿತು. ಅದನ್ನು ಯಾವ ಸಂಬಳದಲ್ಲಿ ಅಳೆಯೋಣ? ಈಗ ಯಾರಾದರೂ ಕೇಳಿದರೆ ನಾನು ಈ ಕತೆ ಹೇಳುತ್ತೇನೆ. ಜಿಲ್ಲೆಯ ಪಂದ್ಯಕ್ಕೆ ಅವಳನ್ನು ಕಳಿಸುವುದೆಂದು ನಮ್ಮ ಮನೆಯವರೂ ನಾನೂ ತೀರ್ಮಾನಿಸಿದ್ದೇವೆ.

ಕಲ್ಕತ್ತೆಗೆ ಹೋಗುವವರು ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ, ಹವೆ ಹಿತವಾಗಿರುತ್ತದೆ. ಕಾಳಿಮಾತೆಯ ದರ್ಶನ ಮಾಡಿ, ಸೀರೆ ಕೊಳ್ಳಿ. ಆಮೇಲೆ ಒಂದು ಸಂಜೆ ಮೈದಾನದ ಹುಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ನಡೆಯಿರಿ. ಮಕ್ಕಳು ಜೊತೆಗಿದ್ದರೆ ಅವರಿಗೂ ಚಪ್ಪಲಿ ಬಿಡಲು ಹೇಳಿ.