ಎರಡಕ್ಕೆ ಮೂರು, ಮೂರಕ್ಕೆ ಎರಡು

ದೀಪಾವಳಿ ರಜೆಗೆ ತಿಳವಳ್ಳಿಗೆ ಹೋಗಿದ್ದೆ. ಬೆಳಿಗ್ಗೆನೇ ಕಾಕಾ ಫೋನು: "ನೀ ಕಂಪ್ಯೂಟರ್ ಕಲಿಯಾಕತ್ತಿಯಲ್ಲಪಾ, ಜಲ್ದಿ ಕಾಟಾಕ್ಕ ಬಾ."

ಕಾಟಾ ಅಂದ್ರೆ ಟ್ರ್ಯಾಕ್ಟರ್ ತೂಗೋ ವೇ ಬ್ರಿಡ್ಜ್. ಕಾಕಾ ಅಲ್ಲಿ ಚೀಟಿ ಕೊಡೋ ಕೆಲಸಕ್ಕಿದ್ದಾರೆ. ಗೋವಿನಜೋಳದ ಸುಗ್ಗಿ, ಐದು ಟ್ರ್ಯಾಕ್ಟರ್ ಸಾಲಾಗಿ ನಿಂತಿದ್ದವು. ಹಿಂದಿನ ದಿನ ಹಳೇ ಮೀಟರ್ ತೆಗೆದು ಹೊಸದು ಕೂರಿಸಿದ್ದರು. ಮೀಟರ್‌ನಲ್ಲಿ ತೂಕ ಕಾಣ್ತಿತ್ತು, ಕಂಪ್ಯೂಟರ್‌ನಲ್ಲಿ ಬರೀ ಸೊನ್ನೆ. "ಕೈಲೆ ಬರೆದ ಚೀಟಿ ನಂಗ ಬ್ಯಾಡ" ಅಂತ ಮೊದಲ ಟ್ರ್ಯಾಕ್ಟರಿನ ಅಜ್ಜಾರು ಪಟ್ಟು ಹಿಡಿದಿದ್ದರು. ಅವರದೂ ತಪ್ಪಲ್ಲ, ವರ್ಷದ ದುಡಿಮೆ.

ನಾನು ನೇರ ಸಾಫ್ಟ್‌ವೇರ್ ಮೇಲೆ ಬಿದ್ದೆ. ಬಾಡ್ ರೇಟ್ 2400 ಇಟ್ಟೆ, 4800 ಇಟ್ಟೆ, 9600 ಇಟ್ಟೆ. ಒಂದು ತಾಸು ಹೋಯ್ತು. ವೇಗ ತಪ್ಪಿದ್ದರೆ ಕಸದಂಥ ಅಕ್ಷರಗಳಾದರೂ ಬರಬೇಕಿತ್ತು. ಏನೂ ಬರ್ತಿಲ್ಲ ಅಂದ್ರೆ ವೈರ್ ನೋಡಬೇಕು ಅಂತ ಆಮೇಲೆ ಹೊಳೀತು. (ಆರ್‌ಎಸ್-232 ನಮಗೆಲ್ಲ ಬರೀ ಎರಡು ಮಾರ್ಕಿನ ಪ್ರಶ್ನೆ ತಾನೇ?)

ಕೇಬಲ್ ಬಿಚ್ಚಿ ಕಂಪ್ಯೂಟರಿನ ಪೋರ್ಟ್‌ನಲ್ಲಿ 2 ಮತ್ತು 3ನೇ ಪಿನ್ ಸಣ್ಣ ತಂತಿಯಿಂದ ಕೂಡಿಸಿದೆ. ಪುಟ್ಟಿಯಲ್ಲಿ ಒತ್ತಿದ ಅಕ್ಷರ ವಾಪಸ್ ಬಂತು. ಅಂದ್ರೆ ಕಂಪ್ಯೂಟರ್ ಸರಿ ಇದೆ. ಪಕ್ಕದ ಅಂಗಡಿಯಿಂದ ಮಲ್ಟಿಮೀಟರ್ ತಂದು 5ನೇ ಪಿನ್‌ಗೆ ಕಪ್ಪು ಕಡ್ಡಿ ಹಿಡಿದು ನೋಡಿದೆ. ಸುಮ್ಮನಿರುವಾಗ ಕಳಿಸುವ ಪಿನ್‌ನಲ್ಲಿ ಮೈನಸ್ ವೋಲ್ಟೇಜ್ ಇರುತ್ತೆ. ಕಂಪ್ಯೂಟರ್ ಕಡೆ 3ನೇ ಪಿನ್ ಮೈನಸ್. ಮೀಟರ್ ಕಡೆಯೂ 3!

ಹಳೇ ಮೀಟರಿನದು 25 ಪಿನ್ನಿನ ಕನೆಕ್ಟರ್. ಅದರಲ್ಲಿ 2ನೇ ಪಿನ್ ಕಳಿಸೋದು. ಕಂಪ್ಯೂಟರಿನ 9 ಪಿನ್‌ನಲ್ಲಿ 2 ಕೇಳೋದು. ಹಾಗಾಗಿ ಎರಡಕ್ಕೆ ಎರಡು ಜೋಡಿಸಿದರೆ ನಡೀತಿತ್ತು. ಹೊಸ ಮೀಟರಿಗೂ 9 ಪಿನ್. ವೈರಿಂಗ್ ಮಾಡಿದವರು ಗ್ರೌಂಡ್ ಮಾತ್ರ 7ರಿಂದ 5ಕ್ಕೆ ಬದಲಿಸಿ, ಉಳಿದದ್ದು ಹಂಗೇ ಬೆಸುಗೆ ಹಾಕಿದ್ದರು.

ಕಾಕಾಗೆ ಹೇಳೋಕೆ ಹೋದರೆ ಬಾಯಲ್ಲಿ ಬರೀ "ಟ್ರಾನ್ಸ್‌ಮಿಟ್, ರಿಸೀವ್". ಅವರು ಸುಮ್ಮನೆ ನೋಡ್ತಿದ್ದರು. ಕೊನೆಗೆ, "ಕಾಕಾ, ಇದರ ಬಾಯಿ ಅದರ ಬಾಯಿಗೇ ಕಟ್ಯಾರ, ಕಿವಿ ಕಿವಿಗೆ" ಅಂದೆ.

"ಮೊದ್ಲ ಹಂಗ ಹೇಳಬೇಕಿಲ್ಲೋ" ಅಂತ ಅವರೇ ಬೆಸುಗೆ ಕಡ್ಡಿ ಕಾಯಿಸಿದರು. 2 ಮತ್ತು 3ರ ವೈರ್ ಅದಲುಬದಲು ಮಾಡಿ, 9600 ಇಟ್ಟ ಕೂಡಲೇ ಪರದೆಯಲ್ಲಿ ತೂಕ ಬಂತು. ಪ್ರಿಂಟರ್ ಕಿರ್ರ್ ಅಂತು.

ಅಜ್ಜಾರು ಚೀಟಿ ಹಿಡಕೊಂಡು ಹೊರಗಿನ ಮೀಟರ್ ನೋಡಿದರು, ಮತ್ತೆ ಚೀಟಿ ನೋಡಿದರು. "ಮೊದಲಿನ ತೂಕಾನ ಐತಲ್ಲೋ ತಮ್ಮಾ. ಇದಕ್ಕ ಎರಡು ತಾಸು ಬೇಕಾತೇನು?"